ಭಾಗ-ಬಿ ಒಳಗೆ ಕೂತಿರೋ ನಮ್ಮ ಮಕ್ಕಳು

ಬರಹ ಸ್ವಲ್ಪ ಉದ್ದ ಆಗಿದೆ. ಬಿಡುವು ಮಾಡ್ಕೊಂಡು ಓದಿ, ಮನೇಲಿ ಹೈಸ್ಕೂಲು ಮಕ್ಕಳಿದ್ರೆ ಅವರಿಗೂ ಓದಿ ಹೇಳಿ.

ಎಸ್‌ಎಸ್‌ಎಲ್‌ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ರಿಸಲ್ಟ್ ಬಂದ ದಿನ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ 600 ದಾಟಿದ ಮಕ್ಕಳ ಫೋಟೊ ಹಾಕಿ, ನೀಲಿ ಶಾಲು ಹೊದಿಸಿ ಸನ್ಮಾನ ಮಾಡ್ತೀವಿ. ಮಾಡ್ಬೇಕು. ಆದರೆ ಈ 625ರಲ್ಲಿ ದೈಹಿಕ ಶಿಕ್ಷಣಕ್ಕೆ ಎಷ್ಟು ಅಂಕ ಅಂತ ಯಾರಾದ್ರೂ ಲೆಕ್ಕ ಹಾಕಿದ್ದೀರಾ? ಒಂದೂ ಇಲ್ಲ. ವಿಷಯ ಇದೆ. ವೇಳಾಪಟ್ಟಿಯಲ್ಲಿ ಪೀರಿಯಡ್ ಇದೆ. 8, 9, 10ನೇ ತರಗತಿಗೆ ಸರ್ಕಾರವೇ ಮಾಡಿಸಿದ ಪಠ್ಯಪುಸ್ತಕವೂ ಇದೆ. ಆ ಪುಸ್ತಕದ ಮುಖಪುಟ ನೋಡಿರೋ ಮಕ್ಕಳನ್ನ ನಿಮ್ಮೂರಲ್ಲಿ ಹುಡುಕಿ, ಸಿಕ್ಕಿದ್ರೆ ನನಗೂ ತಿಳಿಸಿ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅಂತ ಒಂದು ಪದ್ಧತಿ ಇದೆಯಲ್ಲ, ಅದರಲ್ಲಿ ವಿಷಯಗಳನ್ನ ಎರಡು ಭಾಗ ಮಾಡಿದ್ದಾರೆ. ಭಾಷೆ, ಗಣಿತ, ವಿಜ್ಞಾನ, ಸಮಾಜ ಎಲ್ಲ ಭಾಗ-ಎ. ದೈಹಿಕ ಶಿಕ್ಷಣ, ಚಿತ್ರಕಲೆ, ಕಾರ್ಯಾನುಭವ ಇವೆಲ್ಲ ಭಾಗ-ಬಿ. ಭಾಗ-ಎಗೆ ಅಂಕ. ಭಾಗ-ಬಿಗೆ ಶಾಲೆಯಲ್ಲೇ ಬರೆದು ಹಾಕೋ ಒಂದು ಶ್ರೇಣಿ. ಬಾಯಲ್ಲಿ ಒಪ್ಪಿಸಿ ಪೆನ್ನಲ್ಲಿ ಬರೆಯೋದು ಮೇಲೆ, ಕೈಕಾಲಲ್ಲಿ ಮಾಡೋದು ಕೆಳಗೆ. ಈ ವಿಂಗಡಣೆ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಯಾವ ಅಧಿಕಾರಿಯೂ ಮನುಸ್ಮೃತಿ ಮುಂದಿಟ್ಕೊಂಡು ಇದನ್ನ ಮಾಡಲಿಲ್ಲ ಅನ್ನೋದು ನನಗೂ ಗೊತ್ತು. ಯೋಚನೆ ಮಾಡದೇನೇ ಹಾಗೆ ಬಂದ್ಬಿಟ್ಟಿದೆ, ನನಗೆ ಹೆಚ್ಚು ಭಯ ಆಗೋದು ಅದಕ್ಕೆ.

ನಮ್ಮಣ್ಣನ ಮಗಳು ನಾಗಮಂಗಲ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಓದಿದೋಳು. ತಾಲ್ಲೂಕು ಮಟ್ಟದಲ್ಲಿ 400 ಮೀಟರ್ ಓಟದಲ್ಲಿ ಫಸ್ಟ್ ಬಂದಳು. ಜಿಲ್ಲಾ ಮಟ್ಟಕ್ಕೆ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋದಳು. ಅಲ್ಲಿ ನಾಲ್ಕನೇದೋಳು ಆಗಿ ವಾಪಸ್ ಬಂದಳು. ಕಾಲಿಗೆ ಇದ್ದದ್ದು ಶಾಲೇಲಿ ಕೊಟ್ಟ ಕಪ್ಪು ಶೂ, ಪಕ್ಕದ ಲೇನಲ್ಲಿದ್ದ ಹುಡುಗಿ ಕಾಲಲ್ಲಿ ಸ್ಪೈಕ್ಸು. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಒಂದಿನ ಕೇಳಿದಳು: "ಚಿಕ್ಕಪ್ಪ, ಪಿಟಿಗೆ ಎ ಪ್ಲಸ್ ಕೊಟ್ಟವ್ರೆ. ಅದ್ರಿಂದ ಏನ್ ಸಿಗುತ್ತೆ?" ನಾನು ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಮಾತಾಡ್ತಾ ಇರೋನು, ಅವತ್ತು ಬಾಯಿಗೆ ಏನೂ ಬರಲಿಲ್ಲ. ಪಿಯು ಕಾಲೇಜಿನ ಕೌಂಟರಲ್ಲಿ ನೋಡೋದು 625ಕ್ಕೆ ಎಷ್ಟು ಅಂತ. ಅವಳು ತೆಗೆದಿದ್ದು 341. ಗಣಿತದಲ್ಲಿ ಅವಳಿಗಿಂತ ಮುಂದಿದ್ದ ಮಕ್ಕಳಿಗೆ ಲೆಕ್ಕ ಬಂದಿದ್ದಕ್ಕೆ ಅಂಕ ಸಿಕ್ತು, ಇವಳಿಗೆ ಓಟ ಬಂದಿದ್ದಕ್ಕೆ ಒಂದು ಅಕ್ಷರ, ಅದರ ಪಕ್ಕ ಒಂದು ಪ್ಲಸ್ಸು.

ನಾನು ಓದಿದ ಕಾಲದ ಮಾತೂ ಹೇಳ್ಬೇಕು. ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕು, ಕಿಕ್ಕೇರಿ ಹೋಬಳಿ. ತೊಂಬತ್ತರ ದಶಕ. ನಮ್ಮ ಕಡೆ ದೈಹಿಕ ಶಿಕ್ಷಕರನ್ನ ಡ್ರಿಲ್ ಮೇಷ್ಟ್ರು ಅಂತಲೇ ಕರೀತಿದ್ದಿದ್ದು. ನಮ್ಮ ಡ್ರಿಲ್ ಮೇಷ್ಟ್ರು ಸಿ.ಪಿ.ಎಡ್ ಮಾಡಿದ್ದವರು. ಸ್ಟಾಫ್‌ರೂಮಲ್ಲಿ ಅವರ ಕುರ್ಚಿ ಬಾಗಿಲ ಪಕ್ಕ, ಬೆಲ್ ಹೊಡೆಸೋದು, ಪ್ರಾರ್ಥನೆಗೆ ಸಾಲು ನಿಲ್ಲಿಸೋದು, ಆಗಸ್ಟ್ ಹದಿನೈದಕ್ಕೆ ಪೆರೇಡು, ಗಲಾಟೆ ಮಾಡೋ ಕ್ಲಾಸಿಗೆ ಕೋಲು ಹಿಡಿದು ಹೋಗೋದು, ಎಲ್ಲ ಅವರ ತಲೆಗೇ. ಯಾವ ಮೇಷ್ಟ್ರು ರಜಾ ಹಾಕಿದ್ರೂ ಅವರನ್ನ ಕಳಿಸೋರು. ಅವರ ಪೀರಿಯಡ್ಡನ್ನ ಗಣಿತದ ಮೇಷ್ಟ್ರು ಕೇಳದೇನೇ ತಗೊಳ್ಳೋರು. ಆದ್ರೆ ನನಗೆ ಹೈಸ್ಕೂಲಲ್ಲಿ ಏನಾದ್ರೂ ವಿವರವಾಗಿ, ಕಾರಣ ಸಮೇತ ಕಲಿಸಿದ್ದು ಅಂದ್ರೆ ಅವರೊಬ್ಬರೇ.

"ಲೇ, ಮುಷ್ಟಿ ಬಿಗಿ ಹಿಡ್ಕೊಂಡು ಓಡ್ಬೇಡ ಕಣ್ಲಾ. ಕೋಳಿಮೊಟ್ಟೆ ಹಿಡ್ದಂಗೆ ಹಿಡ್ಕೊ. ಕೈ ಬಿಗಿಯಾದ್ರೆ ಹೆಗಲು ಬಿಗಿಯಾಗುತ್ತೆ, ಹೆಗಲು ಬಿಗಿಯಾದ್ರೆ ಉಸಿರು ಸಾಲಲ್ಲ" ಅನ್ನೋರು. ನಮ್ಮ ಮೈದಾನ ಸುತ್ತಿದ್ರೆ ಇನ್ನೂರು ಮೀಟ್ರು. 800 ಮೀಟ್ರಿಗೆ ನಾಲ್ಕು ಸುತ್ತು. ಮೂರನೇ ಸುತ್ತಲ್ಲಿ ಯಾಕೆ ಕಾಲು ಕಲ್ಲಾಗುತ್ತೆ, ಆಗ ಸ್ನಾಯು ಒಳಗೆ ಏನಾಗ್ತಿರುತ್ತೆ ಅಂತ ಮಣ್ಣಲ್ಲಿ ಕಡ್ಡೀಲಿ ಚಿತ್ರ ಬರೆದು ತೋರಿಸೋರು. ಆಮೇಲೆ ವಿಜ್ಞಾನದ ಪುಸ್ತಕದಲ್ಲಿ ಉಸಿರಾಟದ ಪಾಠ ಬಂದಾಗ ಕ್ಲಾಸಲ್ಲಿ ಎಲ್ಲರಿಗಿಂತ ಮೊದಲು ಅರ್ಥ ಆಗಿದ್ದು ನನಗೆ. ಓಡೋದೂ ಒಂದು ಓದು ಅಂತ ನಾನು ಅವತ್ತೇ ನಂಬಿದೋನು.

ಇನ್ನೊಂದು ವಿಷಯ, ಕಬಡ್ಡಿ. ಕಬಡ್ಡಿ ಅಂದ್ರೇನು? ಮುಟ್ಟೋ ಆಟ. ಮುಟ್ಟದೇ ಕಬಡ್ಡಿ ಆಡೋಕಾಗಲ್ಲ. ಊರೊಳಗೆ ನಮ್ಮನ್ನ ಮುಟ್ಟಿಸ್ಕೊಳ್ಳದ ಮನೆ ಹುಡುಗರು ಮೈದಾನದಲ್ಲಿ ನನ್ನ ಕಾಲು ಹಿಡಿದು, ಸೊಂಟ ತಬ್ಬಿ, ಮೇಲೆ ಬಿದ್ದು ಅಮುಕೋರು. ಅವರ ಬೆವರು ನನಗೆ, ನನ್ನ ಬೆವರು ಅವರಿಗೆ. ನಲವತ್ತು ನಿಮಿಷ ನಮ್ಮೂರಲ್ಲಿ ಅಸ್ಪೃಶ್ಯತೆ ಇರಲಿಲ್ಲ. ಬೆಲ್ ಹೊಡೀತಿದ್ದ ಹಾಗೆ ನೀರಿನ ಕೊಳಗದ ಹತ್ರ ಅವರು ಲೋಟದಲ್ಲಿ, ನಾವು ಬೊಗಸೇಲಿ. ಮೈದಾನಕ್ಕೆ ಸುಣ್ಣದ ಗೆರೆ ಹಾಕೋದು, ಹೈಜಂಪಿಗೆ ಮರಳು ಹೊರೋದು, ಆಟ ಮುಗಿದ ಮೇಲೆ ಗುಡಿಸೋದು ಕೇರಿ ಹುಡುಗರ ಕೆಲಸ. ಹೋಬಳಿ ಮಟ್ಟದ ಆಟಕ್ಕೆ ಬೇರೆ ಊರಿಗೆ ಹೋದಾಗ ಊಟಕ್ಕೆ ನಮ್ಮನ್ನ ಕೊನೇ ಪಂಕ್ತಿಗೆ ಕೂರಿಸಿದ್ರು. ಆವತ್ತು ನಮ್ಮ ತಂಡ ಗೆದ್ದಿತ್ತು. ಗೆಲ್ಲಿಸಿದ ಕೊನೇ ರೈಡು ನಮ್ಮ ಕೇರಿಯವನದು. ಶಾಲೆ ಹೆಸರು ಬೇಡ, ಈಗ ಅಲ್ಲಿ ಎಲ್ಲಾ ಬದಲಾಗಿದೆ ಅಂತ ಹೇಳ್ತಾರೆ.

ಈಗ ಭಾಗ-ಬಿ ಅಂದ್ರೆ ಯಾರಿಗೆ ನಷ್ಟ ಅನ್ನೋ ಪ್ರಶ್ನೆಗೆ ಬರ್ತೀನಿ.

ನಮ್ಮ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕಲ್ಲಿ, ಅಂದ್ರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ, ಬೆಳಗ್ಗೆ ಐದು ಗಂಟೆಗೆ ಎದ್ದು ರಸ್ತೆಗೆ ಬನ್ನಿ. ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ, ಬೆಳ್ಳೂರು ಕಡೆ ಹೈವೇ ಪಕ್ಕದ ಮಣ್ಣಲ್ಲಿ, ತಾಲ್ಲೂಕು ಕ್ರೀಡಾಂಗಣದ ಗೇಟ್ ಹತ್ರ ಹುಡುಗರು ಓಡ್ತಾ ಇರ್ತಾರೆ. ಅರ್ಧಕ್ಕರ್ಧ ನಮ್ಮ ಕಾಲೋನಿ ಹುಡುಗರು. ಯಾಕೆ ಓಡ್ತಾರೆ? ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ. ಅದರ ದೈಹಿಕ ಪರೀಕ್ಷೆ ಏನು ಗೊತ್ತಾ? ಗಂಡು ಮಕ್ಕಳು 1600 ಮೀಟರನ್ನ 6 ನಿಮಿಷ 30 ಸೆಕೆಂಡಲ್ಲಿ ಮುಗಿಸ್ಬೇಕು. ಉದ್ದಜಿಗಿತ 3.80 ಮೀಟರ್, ಇಲ್ಲಾ ಎತ್ತರ ಜಿಗಿತ 1.20 ಮೀಟರ್. 7.26 ಕೆಜಿ ಗುಂಡನ್ನ 5.60 ಮೀಟರ್ ಎಸೀಬೇಕು. ಹೆಣ್ಣು ಮಕ್ಕಳಿಗೆ 400 ಮೀಟರ್ 2 ನಿಮಿಷದಲ್ಲಿ, 4 ಕೆಜಿ ಗುಂಡು 3.75 ಮೀಟರ್.

ಅಂದ್ರೆ ಏನಾಯ್ತು ನೋಡಿ. ಹತ್ತನೇ ತರಗತೀಲಿ ಈ ಸರ್ಕಾರ ನಿನ್ನ ದೇಹಕ್ಕೆ ಒಂದು ಅಂಕವೂ ಕೊಡಲ್ಲ. ಮೂರು ವರ್ಷ ಆದಮೇಲೆ ಅದೇ ಸರ್ಕಾರ ಟೇಪು, ಸ್ಟಾಪ್‌ವಾಚು ಹಿಡ್ಕೊಂಡು ನಿನ್ನ ದೇಹವನ್ನ ಸೆಂಟಿಮೀಟರಿಗೆ, ಸೆಕೆಂಡಿಗೆ ಅಳೀತದೆ. ಮಧ್ಯದಲ್ಲಿ ಕಲಿಸೋರು ಯಾರು? ದುಡ್ಡಿದ್ದೋರು ಮೈಸೂರಲ್ಲೋ ಧಾರವಾಡದಲ್ಲೋ ಅಕಾಡೆಮಿ ಸೇರ್ತಾರೆ. ನಮ್ಮ ಕಾಲೋನೀಲಿ ಒಬ್ಬ ಹುಡುಗ ಶಾಟ್‌ಪುಟ್ ಗುಂಡು ಮುಟ್ಟೇ ಇರಲಿಲ್ಲ. ಅವರಜ್ಜಿ ರುಬ್ಬೋ ಗುಂಡುಕಲ್ಲನ್ನ ಎತ್ತಿ ಎಸೆದು ಅಭ್ಯಾಸ ಮಾಡ್ತಿದ್ದ. ಕತ್ತಿನ ಪಕ್ಕ ಇಟ್ಟು ತಳ್ಳಬೇಕಾದ್ದನ್ನ ಕ್ರಿಕೆಟ್ ಬಾಲಿನ ಹಾಗೆ ಬೀಸ್ತಿದ್ದ, ಹೆಗಲು ಜಾರಿಸ್ಕೊಂಡ. ಲಿಖಿತ ಪರೀಕ್ಷೆ ದಾಟಿದ್ದೋನು ಆ ವರ್ಷ ಮೈದಾನಕ್ಕೆ ಹೋಗಲೇ ಇಲ್ಲ. ಈಗ ಕಬ್ಬು ಕಡಿಯೋ ಗ್ಯಾಂಗಲ್ಲಿ ಇದ್ದಾನೆ. ಗುಂಡು ಹಿಡಿಯೋದು ಹೇಗೆ ಅನ್ನೋದು ಹೈಸ್ಕೂಲಿನ ಒಂದು ಪೀರಿಯಡ್ಡಿನ ಪಾಠ. ನಲವತ್ತು ನಿಮಿಷ ಸಾಕು. ಆ ನಲವತ್ತು ನಿಮಿಷ ಅವನಿಗೆ ಸಿಗಲಿಲ್ಲ, ಯಾಕಂದ್ರೆ ಅವನ ಶಾಲೇಲಿ ದೈಹಿಕ ಶಿಕ್ಷಕರೇ ಇರಲಿಲ್ಲ.

ಶಿಕ್ಷಕರು ಯಾಕಿಲ್ಲ? ಓದಿದೋರಿಲ್ಲ ಅಂತ ಅಲ್ಲ. ಪ್ರಾಥಮಿಕ ಶಾಲೆಗೆ ಗ್ರೇಡ್-2, ಹೈಸ್ಕೂಲಿಗೆ ಗ್ರೇಡ್-1 ದೈಹಿಕ ಶಿಕ್ಷಕರ ಹುದ್ದೆ ಅಂತ ಇದೆ. ಹಿಂದೆ ಸಿ.ಪಿ.ಎಡ್, ಆಮೇಲೆ ಡಿ.ಪಿ.ಎಡ್. ಹೈಸ್ಕೂಲಿಗೆ ಬಿ.ಪಿ.ಎಡ್. ಮೊದಲು ಬಿ.ಪಿ.ಎಡ್ ಒಂದು ವರ್ಷದ್ದಾಗಿತ್ತು, ಎನ್‌ಸಿಟಿಇಯ 2014ರ ನಿಯಮದಿಂದ ಎರಡು ವರ್ಷ ಆಯ್ತು. ಅದರಲ್ಲಿ ಓದೋದು ಏನು ಅಂತ ಗೊತ್ತಿಲ್ಲದೋರು ‘ಆಟ ಆಡ್ಕೊಂಡು ಡಿಗ್ರಿ’ ಅಂತ ಆಡ್ಕೊಳ್ತಾರೆ. ಅಂಗರಚನೆ, ಶರೀರಕ್ರಿಯೆ, ಚಲನೆಯ ವಿಜ್ಞಾನ, ಕ್ರೀಡಾ ಮನೋವಿಜ್ಞಾನ, ಗಾಯದ ಆರೈಕೆ, ಅಳತೆ ಮತ್ತು ಮೌಲ್ಯಮಾಪನ, ಎಲ್ಲ ಇದೆ. ಬೆಳಗ್ಗೆ ಆರಕ್ಕೆ ಮೈದಾನ, ಹತ್ತಕ್ಕೆ ಕ್ಲಾಸು.

ನನ್ನ ಗೆಳೆಯನೊಬ್ಬ, ಪಾಂಡವಪುರ ತಾಲ್ಲೂಕಿನೋನು, ಮಾದಿಗ ಸಮುದಾಯದೋನು, ಮೈಸೂರಲ್ಲಿ ಬಿ.ಪಿ.ಎಡ್ ಮಾಡಿದ. ಕೋರ್ಸ್ ಎರಡು ವರ್ಷ ಆಗಿದ್ದು ಒಳ್ಳೇದೇ ಅಂತ ನಾನು ಅಂದಾಗ ಅವನು ನಕ್ಕ: "ಒಳ್ಳೇದೇ ಅಣ್ಣ, ಎರಡನೇ ವರ್ಷಕ್ಕೆ ನಮ್ಮವ್ವ ಮೇಕೆ ಮಾರಿದ್ಲು ಅಷ್ಟೇ." ಸ್ಕಾಲರ್‌ಶಿಪ್ ಬಂತು, ಕೋರ್ಸ್ ಮುಗಿದು ಎಷ್ಟೋ ತಿಂಗಳಾದ ಮೇಲೆ. ಈಗ ಗೂಡ್ಸ್ ಆಟೋ ಓಡಿಸ್ತಾನೆ. ವರ್ಷಾವರ್ಷ ಅತಿಥಿ ಶಿಕ್ಷಕರಿಗೆ ಅರ್ಜಿ ಕರೆದಾಗ ಶಾಲೆಗಳಿಗೆ ಹೋಗ್ತಾನೆ. ಒಂದು ಕಡೆ ಮುಖ್ಯ ಶಿಕ್ಷಕರು ಹೇಳಿದ್ರಂತೆ, "ನೋಡಪ್ಪ, ಇಂಗ್ಲಿಷಿಗೆ ಜನ ಇಲ್ಲ, ಗಣಿತಕ್ಕೆ ಜನ ಇಲ್ಲ, ಪಿಟಿಗೆ ತಗೊಂಡ್ರೆ ರಿಸಲ್ಟಿಗೆ ನಾನೇನು ಉತ್ತರ ಕೊಡ್ಲಿ?" ಆ ಮುಖ್ಯ ಶಿಕ್ಷಕರನ್ನ ಬೈದು ಪ್ರಯೋಜನ ಇಲ್ಲ. ಅಂಕ ಇಲ್ಲದ ವಿಷಯಕ್ಕೆ ರಿಸಲ್ಟ್ ಇಲ್ಲ, ರಿಸಲ್ಟ್ ಇಲ್ಲದ ವಿಷಯಕ್ಕೆ ಶಿಕ್ಷಕರು ಬೇಕು ಅಂತ ಯಾವ ಮೀಟಿಂಗಲ್ಲೂ ಯಾರೂ ಕೇಳಲ್ಲ.

ಇರೋ ದೈಹಿಕ ಶಿಕ್ಷಕರ ಗೋಳೂ ಕಡಿಮೆ ಇಲ್ಲ. ನಮ್ಮನ್ನೂ ಸಹಶಿಕ್ಷಕರು ಅಂತ ಪರಿಗಣಿಸಿ, ಬಡ್ತಿ ಕೊಡಿ, ಪ್ರೊ. ವೈದ್ಯನಾಥನ್ ವರದಿ ಜಾರಿ ಮಾಡಿ ಅಂತ ಅವರ ಸಂಘದೋರು ವರ್ಷಗಟ್ಟಲೆಯಿಂದ ಮನವಿ ಕೊಡ್ತಾನೇ ಇದ್ದಾರೆ. ಆ ಹೋರಾಟದಲ್ಲಿ ನಮ್ಮ ಸಂಘಟನೆಗಳು ಜೊತೆಗೆ ನಿಂತಿದ್ದು ನಾನು ನೋಡಿಲ್ಲ. ಅದನ್ನ ನೌಕರರ ವಿಷಯ ಅಂದ್ಕೊಂಡು ಬಿಟ್ಟಿದ್ದೀವಿ.

ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ ಅಂತೀರಿ. 2009ರ ಆ ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಬೋಧಕರು, ಅದೂ ಅರೆಕಾಲಿಕ. ನಾಗಮಂಗಲ, ಕೆ.ಆರ್. ಪೇಟೆಯ ಒಳಹಳ್ಳಿ ಶಾಲೇಲಿ ನೂರು ಮಕ್ಕಳನ್ನ ಎಲ್ಲಿಂದ ತರೋದು? ಅನುಕೂಲ ಇದ್ದೋರ ಮಕ್ಕಳು ಹಳದಿ ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋದ್ರು. ಸರ್ಕಾರಿ ಶಾಲೇಲಿ ಉಳಿದೋರು ಯಾರು ಅಂತ ನಾನು ಬಿಡಿಸಿ ಹೇಳ್ಬೇಕಾ. 9, 10ನೇ ತರಗತಿಗೆ ಬಂದ್ರೆ ಆ ಕಾಯ್ದೆಯೇ ಇಲ್ಲ.

ಅದೇ ಕಾನ್ವೆಂಟಿನ ಕಥೆ ಕೇಳಿ. ಸಿಬಿಎಸ್‌ಇಯಲ್ಲಿ 11, 12ನೇ ತರಗತಿಗೆ ದೈಹಿಕ ಶಿಕ್ಷಣ ಒಂದು ಪೂರ್ತಿ ಐಚ್ಛಿಕ ವಿಷಯ. ಕೋಡ್ ನಂಬರ್ 048. ಬರವಣಿಗೆಗೆ 70, ಪ್ರಾಯೋಗಿಕಕ್ಕೆ 30. ನನಗೆ ಪರಿಚಯದ ಒಬ್ಬ ಅಂಗಡಿ ಮಾಲೀಕರ ಮಗ ಅದನ್ನ ತಗೊಂಡು ತೊಂಬತ್ತರ ಮೇಲೆ ಅಂಕ ತಂದ, ಅವನ ಪರ್ಸೆಂಟೇಜ್ ಮೇಲೆ ಹೋಯ್ತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಓದಿ ತಗೊಂಡಿದ್ದಾನೆ. ಆದ್ರೆ ನಮ್ಮಣ್ಣನ ಮಗಳು ಅವನಿಗಿಂತ ಜೋರಾಗಿ ಓಡ್ತಾಳೆ. ಇಂಗ್ಲೆಂಡಲ್ಲಿ ಹದಿನಾರು ವರ್ಷದ ಮಕ್ಕಳು ಬರೆಯೋ ಜಿಸಿಎಸ್‌ಇ ಪರೀಕ್ಷೇಲೂ ದೈಹಿಕ ಶಿಕ್ಷಣ ಒಂದು ವಿಷಯ. ಲಿಖಿತಕ್ಕೆ ಶೇ 60, ಆಟಕ್ಕೆ ಮತ್ತು ಆಟದ ವಿಶ್ಲೇಷಣೆಗೆ ಶೇ 40. ದೈಹಿಕ ಶಿಕ್ಷಣ ಎಲ್ಲರ ಮೂಲಭೂತ ಹಕ್ಕು ಅಂತ ಯುನೆಸ್ಕೊ 1978ರಲ್ಲೇ ಸನ್ನದು ಮಾಡಿದೆ.

ಈ ಮಾತನ್ನ ಮೊನ್ನೆ ಶ್ರೀರಂಗಪಟ್ಟಣದಲ್ಲಿ ನಮ್ಮ ಒಂದು ಸಣ್ಣ ಸಭೇಲಿ ಎತ್ತಿದೆ. ಹಿರಿಯರೊಬ್ಬರು, ದಸಂಸ ಕಾಲದಿಂದ ಇರೋರು, ನಾನು ಅಣ್ಣ ಅಂತ ಕಾಲು ಮುಟ್ಟೋರು, ಗಟ್ಟಿಯಾಗಿ ವಿರೋಧ ಮಾಡಿದ್ರು. "ಸಾವಿರಾರು ವರ್ಷ ನಮ್ಮ ದೇಹಾನೇ ದುಡಿಸ್ಕೊಂಡವ್ರೆ ಕಣಪ್ಪ. ಬಾಬಾಸಾಹೇಬ್ರು ಓದಿ ಅಂದ್ರು, ಓಡಿ ಅನ್ನಲಿಲ್ಲ. ನೀನು ಆಟಕ್ಕೆ ಅಂಕ ಕೊಡಿ ಅಂದ್ರೆ ನಾಳೆ ಮೇಷ್ಟ್ರುಗಳು ನಮ್ಮ ಹುಡುಗ್ರಿಗೆ ‘ಗಣಿತ ನಿನಗಲ್ಲ, ನೀನು ಗುಂಡು ಎಸಿ’ ಅಂತಾರೆ."

ಈ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಎರಡು ರಾತ್ರಿ ಇದನ್ನೇ ಯೋಚನೆ ಮಾಡಿದೆ. ಆಗ ನೆನಪಾದೋರು ಪಾಲ್ವಂಕರ್ ಬಾಲು. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಜಾತಿಯ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡ್ಕೊಳ್ಳೋ ಕೆಲಸಕ್ಕಿದ್ದು ಅಲ್ಲೇ ಬೌಲಿಂಗ್ ಮಾಡ್ತಾ ಬೆಳೆದೋರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೇಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ್ರು. ಅಷ್ಟಾದ್ರೂ ನಾಯಕನ ಪಟ್ಟ ಕೊಡಲಿಲ್ಲ. ಅವರ ತಮ್ಮ ವಿಠ್ಠಲ್ 1923ರಲ್ಲಿ ಹಿಂದೂ ತಂಡದ ನಾಯಕರಾದ್ರು, ಅದೂ ಎಷ್ಟೋ ಜಗಳ ಆದಮೇಲೆ. (ಇದೇ ಬಾಲು 1937ರ ಚುನಾವಣೇಲಿ ಬಾಬಾಸಾಹೇಬರ ಎದುರು ನಿಂತು ಸೋತರು. ಅದು ಬೇರೆ ಕಥೆ, ಇನ್ನೊಂದಿನ ಬರೀತೀನಿ.)

ಬಾಲು ಅವರ ಕೈ ಬೇಕಿತ್ತು, ತಲೆ ಬೇಕಿರಲಿಲ್ಲ. ನಮ್ಮ ಹಿರಿಯರು ಹೆದರ್ತಿರೋದು ಇದಕ್ಕೇ, ನಾನು ಪರೀಕ್ಷೆ ಕೇಳ್ತಿರೋದೂ ಇದಕ್ಕೇ. ಆಟಕ್ಕೆ ಸುಮ್ಮನೆ ಕೃಪಾಂಕ ಕೊಡಿ ಅಂತ ನಾನು ಕೇಳ್ತಾ ಇಲ್ಲ. ಪಠ್ಯ ಇರಲಿ, ಲಿಖಿತ ಪರೀಕ್ಷೆ ಇರಲಿ, ಪ್ರಾಯೋಗಿಕ ಇರಲಿ, ಹೊರಗಿನ ಪರೀಕ್ಷಕರು ಬರಲಿ. ಓಡೋ ಹುಡುಗಿ ತಾನು ಹೇಗೆ ಓಡ್ತೀನಿ ಅಂತ ಬರೆದೂ ತೋರಿಸಲಿ. ಬಿ.ಪಿ.ಎಡ್ ಓದಿದ ನನ್ನ ಗೆಳೆಯ ಅದಕ್ಕೆ ಮೇಷ್ಟ್ರಾಗಲಿ, ಮುಂದೆ ಮುಖ್ಯ ಶಿಕ್ಷಕನೂ ಆಗಲಿ. ಇದು ಐಚ್ಛಿಕವಾಗೇ ಇರಬೇಕು, ಗಣಿತ ಬಿಡಿಸಿ ಇದಕ್ಕೆ ತಳ್ಳೋ ಹಾಗಿರಬಾರದು. ಆ ಷರತ್ತನ್ನ ಅಣ್ಣನ ಮಾತಿಂದಲೇ ಸೇರಿಸ್ಕೊಂಡಿದ್ದೀನಿ. ಅವರು ಪೂರ್ತಿ ಒಪ್ಪಿಲ್ಲ. "ಬರೆದು ಕೊಡು, ನೋಡಾನ" ಅಂದಿದ್ದಾರೆ.

ಹೆಣ್ಣು ಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳ್ಬೇಕು. ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರೀಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದಳು. ಹಳ್ಳಿ ಮೈದಾನದಿಂದ ಹೋದ ಹುಡುಗಿ. ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿದಾಗ ಅವಳೂ, ನಮ್ಮ ರಾಜ್ಯದ ಇನ್ನೊಬ್ಬ ಆಟಗಾರ ಗೌತಮ್ ಕೂಡ ಬೇಡ ಅಂದ್ರು. ಆ ಸ್ವಾಭಿಮಾನಕ್ಕೆ ನನ್ನ ಸಲಾಂ. ಆದ್ರೆ ನಮ್ಮ ನಾಲ್ಕು ತಾಲ್ಲೂಕಲ್ಲಿ ಎಂಟನೇ ತರಗತಿ ಆದಮೇಲೆ ಎಷ್ಟು ಹೆಣ್ಣು ಮಕ್ಕಳು ಮೈದಾನಕ್ಕೆ ಇಳೀತಾರೆ? ಬಟ್ಟೆ ಬದಲಾಯಿಸೋಕೆ ಜಾಗ ಇಲ್ಲ, ಶೌಚಾಲಯಕ್ಕೆ ಬೀಗ, ಮುಟ್ಟಿನ ದಿನದಲ್ಲಿ ಯಾರಿಗೆ ಹೇಳೋದು ಗೊತ್ತಿಲ್ಲ. ಹೆಣ್ಣುಮಗಳೊಬ್ಬರು ದೈಹಿಕ ಶಿಕ್ಷಕಿ ಆಗಿರೋ ಶಾಲೇಲಿ ಇದೆಲ್ಲ ತಾನಾಗೇ ಸರಿಹೋಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಲ್ಲಿ ವರದಿ ಕೊಟ್ಟಿದೆ. ಎಲ್ಲರೂ ದ್ವಿಭಾಷೆ, ತ್ರಿಭಾಷೆ ಅಂತ ಜಗಳ ಆಡ್ತಿದ್ದಾರೆ. ಆಡಲಿ. ನೀತಿ ಜಾರಿಗೆ ಬರೋ ಹೊತ್ತಲ್ಲಿ ನಾವು ಈ ವಿಷಯ ಇಟ್ಕೊಂಡು ಬಾಗಿಲು ಬಡೀಬೇಕು.

ಅದಕ್ಕೆ ಮೊದಲು ಲೆಕ್ಕ ಬೇಕು. ನಾಲ್ಕೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತಿದ್ದೀವಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನ. ಕೇಳೋದು ಇಷ್ಟು: ಸರ್ಕಾರಿ ಹೈಸ್ಕೂಲುಗಳಲ್ಲಿ ಮಂಜೂರಾದ ದೈಹಿಕ ಶಿಕ್ಷಕರ ಹುದ್ದೆ ಎಷ್ಟು, ತುಂಬಿರೋದು ಎಷ್ಟು, ಅವರಲ್ಲಿ ಮಹಿಳೆಯರು ಎಷ್ಟು, ಪರಿಶಿಷ್ಟರು ಎಷ್ಟು. ಶಿಕ್ಷಕರೇ ಇಲ್ಲದ ಶಾಲೇಲಿ ಭಾಗ-ಬಿ ಶ್ರೇಣಿಗೆ ಸಹಿ ಹಾಕಿದೋರು ಯಾರು. ದೈಹಿಕ ಶಿಕ್ಷಣದ ಪಠ್ಯಪುಸ್ತಕ ಎಷ್ಟು ಶಾಲೆಗೆ ಬಂದಿದೆ. ಕ್ರೀಡಾ ಸಾಮಗ್ರಿಗೆ ಕಳೆದ ಮೂರು ವರ್ಷದಲ್ಲಿ ಬಂದ ದುಡ್ಡೆಷ್ಟು, ಖರ್ಚಾಗಿದ್ದು ಎಷ್ಟು.

ಕೆ.ಆರ್. ಪೇಟೆ, ನಾಗಮಂಗಲ ನಾನು ನೋಡ್ಕೋತೀನಿ. ಪಾಂಡವಪುರಕ್ಕೆ ನನ್ನ ಆಟೋ ಗೆಳೆಯ ಇದ್ದಾನೆ. ಶ್ರೀರಂಗಪಟ್ಟಣಕ್ಕೆ ಒಬ್ಬರು ಬೇಕು, ಅರಕೆರೆ, ಬೆಳಗೊಳ ಕಡೆಯವರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಎಸ್‌ಡಿಎಂಸೀಲಿ ಇರೋ ನಮ್ಮೋರು ಮುಂದಿನ ಸಭೇಲಿ ಇದೇ ಪ್ರಶ್ನೆ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಮಕ್ಕಳಿರೋರಿಗೆ ಒಂದು ಮಾತು. ಹೋಬಳಿ ಮಟ್ಟದ್ದಾದ್ರೂ ಸರಿ, ಸರ್ಟಿಫಿಕೇಟ್ ಸಿಕ್ರೆ ಲ್ಯಾಮಿನೇಷನ್ ಮಾಡಿಸದೆ ಪ್ಲಾಸ್ಟಿಕ್ ಫೈಲಿಗೆ ಹಾಕಿಡಿ, ಎರಡು ಝೆರಾಕ್ಸ್ ತೆಗೆಸಿ. ಬಿ.ಪಿ.ಎಡ್ ಸೇರೋಕೆ ಆಟದಲ್ಲಿ ಭಾಗವಹಿಸಿದ ದಾಖಲೆ ಕೇಳ್ತಾರೆ, ಕ್ರೀಡಾ ಕೋಟಾಕ್ಕೂ ಕೇಳ್ತಾರೆ. ನನ್ನ 800 ಮೀಟರಿನ ಸರ್ಟಿಫಿಕೇಟು ನಮ್ಮ ಗುಡಿಸಲ ಸೂರಲ್ಲಿ ಸಿಕ್ಕಿಸಿದ್ದು, ಗೆದ್ದಲು ತಿಂದು ಹೋಯ್ತು.

ಜೈ ಭೀಮ್.